ಮುಗಿಲಬಂಡಿಯೊಳಗಿನ ಹೊಟ್ಟೆಕಿಚ್ಚು

ನಾಲ್ಕು ಮಂದಿಯನ್ನು ಒಂದೇ ಸೂರಿನ ಕೆಳಗೆ ಕೂಡಿಸಿದರೆ ಸಾಕು, ಹೊಟ್ಟೆಕಿಚ್ಚು ಕರೆಯದೇ ಬಂದು ಚಾಪೆ ಹಾಸಿಕೊಂಡು ಕೂರುತ್ತದೆ. ಆ ಸೂರು ನೆಲದ ಮೇಲಿದ್ದರೂ ಅಷ್ಟೇ, ನಕ್ಷತ್ರಗಳ ನಡುವೆ ಹಾರುತ್ತಿದ್ದರೂ ಅಷ್ಟೇ. ಇದನ್ನು ನಾನು ಎಲ್ಲೋ ಓದಿ ಹೇಳುತ್ತಿಲ್ಲ. ನಾನು ವಿಜಯಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು; ನಮ್ಮ ಕಡೆ ಟೀಚರಮ್ಮನನ್ನು ‘ಬಾಯಿ’, ‘ಬಾಯಾರು’ ಎನ್ನುತ್ತಾರೆ. ಊರಿನ ಲೋಕಲ್ ಚಾನೆಲ್ಲಿಗೆ ಗಗನನೌಕೆಯ ಧಾರಾವಾಹಿ ಬರೆದುಕೊಟ್ಟು, ಅದು ಮುಗಿಯುವವರೆಗೆ ಅದರ ಹಿಂದೆ ಓಡಾಡಿ, ಕೂಗಿ ಕೂಗಿ ಗಂಟಲು ಹರಿದುಕೊಂಡು ಕಲಿತ ಮಾತು ಇದು.

ಧಾರಾವಾಹಿಯ ಹೆಸರು ‘ಮುಗಿಲಬಂಡಿ’. ಮನುಷ್ಯರು ಬದುಕಬಹುದಾದ ಹೊಸ ಗ್ರಹ ಹುಡುಕಿಕೊಂಡು ಹೊರಟ ನೌಕೆ ಅದು. ಒಳಗೆ ನಾಲ್ಕೇ ಜನ: ಕ್ಯಾಪ್ಟನ್, ಎಂಜಿನಿಯರ್, ಡಾಕ್ಟರ್, ಪೈಲಟ್. ಹೊರಗೆ ಉಲ್ಕೆಗಳು ಉದುರುತ್ತಿದ್ದರೂ ಒಳಗೆ ಈ ನಾಲ್ವರು ‘ನಾ ಹೆಚ್ಚೋ ನೀ ಹೆಚ್ಚೋ’ ಎಂದು ಒಬ್ಬರ ಮೇಲೊಬ್ಬರು ಕರುಬುತ್ತಾರೆ, ಕೊನೆಗೆ ಒಬ್ಬರಿಲ್ಲದೆ ಒಬ್ಬರಿಲ್ಲ ಎಂದು ತಿಳಿಯುತ್ತಾರೆ. ಕತೆ ಇಷ್ಟೇ.

ಚಾನೆಲ್ಲಿನ ಮುಖ್ಯಸ್ಥರು ಓದಿ ತಲೆ ತೂಗಿದರು.

“ಕತಿ ಛಲೋ ಐತ್ರಿ ಬಾಯಾರ. ಆದ್ರ ಮಾತು? ಗಗನನೌಕ್ಯಾಗ ನಿಂತು ‘ಬರ್ರಿ, ಕುಂದರ್ರಿ’ ಅಂದ್ರ ಮಂದಿ ನಗತಾರ. ಪುಸ್ತಕದ ಕನ್ನಡದಾಗ ಬರೀರಿ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಹುಡುಕಬೇಕಾಗಿಲ್ಲ. “ಈ ಮಾತಿನ್ಯಾಗ ಮದುವಿ ಮಾಡ್ತೇವಿ, ಸಾಲಿ ಕಲಸ್ತೇವಿ, ಕೋರ್ಟಿನಾಗ ಜಗಳಾ ಆಡ್ತೇವಿ. ನೌಕಿ ಯಾಕ ಹಾರಸಬಾರದ್ರಿ?” ಎಂದೆ.

ಅವರು ಒಂದು ಷರತ್ತು ಹಾಕಿದರು. “ಆಗಲಿ, ನಿಮ್ಮ ಮಾತಿನ್ಯಾಗ ಮಾಡ್ರಿ. ಕಡೀ ಕಂತಿನ ಶೂಟಿಂಗಿಗೆ ನಾನ ಬಂದು ಕುಂದ್ರತೇನಿ. ಕತಿ ದಡಾ ಮುಟ್ಟಿ, ನೋಡಿದವರು ನಗಲಿಲ್ಲ ಅಂದ್ರ ಮುಂದಿನ ವರ್ಷದ ರವಿವಾರಾನೂ ನಿಮ್ಮದ. ಇಲ್ಲಂದ್ರ ಆ ಹೊತ್ತು ಅಡಿಗಿ ಕಾರ್ಯಕ್ರಮಕ್ಕ.”

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಹಟ. ಏನಾದರಾಗಲಿ, ಮುಗಿಲಬಂಡಿ ದಡ ಮುಟ್ಟಬೇಕು. ನಮ್ಮ ಮಾತಿನಲ್ಲೇ ಮುಟ್ಟಬೇಕು. ಆದರೆ ನೌಕೆಗೆ ಅಡ್ಡ ಬಂದದ್ದು ಉಲ್ಕೆಗಳಲ್ಲ, ಒಳಗೆ ಕೂತವರೇ.

ನೌಕೆ ಹಾರಿದ್ದು

ನೌಕೆಗೆ ಜಾಗ ಸಿಕ್ಕಿದ್ದು ತಿಕೋಟಾದಲ್ಲಿ. ಒಣದ್ರಾಕ್ಷಿ ವ್ಯಾಪಾರದ ಸಾವುಕಾರರೊಬ್ಬರ ದ್ರಾಕ್ಷಿ ಒಣಗಿಸುವ ಶೆಡ್ಡು. ಸುಗ್ಗಿ ಬರುವವರೆಗೆ ಅದು ಖಾಲಿ. ಉದ್ದಕ್ಕೂ ಕಬ್ಬಿಣದ ಕಂಬ, ಕಂಬದಿಂದ ಕಂಬಕ್ಕೆ ಒಂದರ ಮೇಲೊಂದು ಬಿಗಿದ ಜಾಳಿಗೆ, ಸುತ್ತ ಹಸಿರು ಪರದೆ. ಕೆಳಗಿನ ಜಾಳಿಗೆ ಬಿಚ್ಚಿ ಬಣ್ಣದ ಬಲ್ಬಿನ ಸರ ಹಾಕಿದ ಕೂಡಲೇ ಅದು ನೌಕೆಯಾಗಿಬಿಟ್ಟಿತು. ಈಗಲೂ ಆ ಶೆಡ್ಡಿನ ಮುಂದೆ ಹಾದುಹೋಗುವಾಗ ನನ್ನ ಎದೆ ಉಬ್ಬುತ್ತದೆ.

ಶೆಡ್ ಕೊಟ್ಟ ಸಾವುಕಾರರು ಕೇಳಿದ್ದು ಒಂದೇ: “ಕ್ಯಾಪ್ಟನ್ ನಾನ ಆಗಬೇಕ್ರಿ.” ಆದರೆ ಕ್ಯಾಪ್ಟನ್ ಪಾತ್ರಕ್ಕೆ ಬಬಲೇಶ್ವರದ ಬ್ಯಾಂಕ್ ಮ್ಯಾನೇಜರರನ್ನು ಆಗಲೇ ಒಪ್ಪಿಸಿಯಾಗಿತ್ತು. ಅವರದು ಗುಡುಗಿನ ದನಿ.

ನಾನು ಸಾವುಕಾರರಿಗೆ ತಿಳಿಸಿ ಹೇಳಿದೆ. “ಕ್ಯಾಪ್ಟನ್ ಬರೇ ಹುಕುಂ ಮಾಡಾಂವ್ರಿ. ನೌಕಿ ನಡೆಯೂದು ಎಂಜಿನಿಯರ್ ಕೈಯಾಗ.”

“ಅಂದ್ರ ನಾ ಇಲ್ದ ನೌಕಿ ಹಾರಂಗಿಲ್ಲ?”

“ಒಟ್ಟ ಹಾರಂಗಿಲ್ರಿ.”

ಅವರಿಗೆ ಅಷ್ಟೇ ಬೇಕಾಗಿತ್ತು. ಮೊದಲ ದಿನದ ಮೊದಲ ದೃಶ್ಯ. ಕ್ಯಾಪ್ಟನ್ ಎದೆ ಸೆಟೆಸಿ ಗುಡುಗಿದರು: “ಎಂಜಿನಿಯರ್, ನೌಕಿ ಹಾರಸ್ರಿ!”

ಸಾವುಕಾರರು ‘ಆಗಲಿ’ ಎನ್ನಬೇಕಿತ್ತು. ಎನ್ನಲಿಲ್ಲ. ಕೈ ಕಟ್ಟಿ ನಿಂತು, “ಹಂಗ ಹುಕುಂ ಮಾಡಿದ್ರ ಹಾರೂದಿಲ್ರಿ. ಸಮಾಧಾನಲೆ ಕೇಳ್ರಿ” ಎಂದರು.

“ನಾ ಕ್ಯಾಪ್ಟನ್ ಅದೇನಿ!”

“ಇರ್ರಿ. ನಿಮ್ಮ ಬ್ಯಾಂಕಿನಾಗ ನಾ ಬಂದ್ರ ನೀವು ಹೆಂಗ ಕಾಯಸ್ತೀರಿ, ಹಂಗ ನೌಕಿನೂ ಜರಾ ಕಾಯತೈತಿ.”

ಜಗಳ ಹತ್ತಿತು. ನಮ್ಮ ಡೈರೆಕ್ಟರ್ ಮೂಲತಃ ಮದುವೆ ವಿಡಿಯೊ ತೆಗೆಯುವವರು. ಮದುವೆಯಲ್ಲಿ ಬೀಗರ ನಡುವೆ ಜಗಳ ಎದ್ದರೆ ಕ್ಯಾಮೆರಾ ನಿಲ್ಲಿಸಬಾರದು, ಸಾವಕಾಶ ದೀಪದ ಸರದ ಕಡೆ ತಿರುಗಿಸಬೇಕು ಎಂಬುದು ಅವರ ಕಸುಬಿನ ನಿಯಮ. ಇಲ್ಲೂ ಅದನ್ನೇ ಮಾಡಿದರು. ಜಗಳ ಮುಗಿಯುವವರೆಗೂ ಬಲ್ಬಿನ ಸರಗಳನ್ನು ಒಂದೊಂದಾಗಿ ತೋರಿಸಿದರು. ಸಂಕಲನ ಮಾಡುವಾಗ ಜಗಳದ ದನಿ ತೆಗೆದು ವಾದ್ಯ ಹಾಕಿದರು.

ರವಿವಾರ ಅದು ಪ್ರಸಾರವಾಯಿತು. ಸೋಮವಾರ ನಮ್ಮ ಹೆಡ್ ಮಾಸ್ತರರು ಸ್ಟಾಫ್ ರೂಮಿನಲ್ಲಿ ನನ್ನ ಕೈ ಕುಲುಕಿದರು. “ನಕ್ಷತ್ರ ಏನ್ ತೋರ್ಸೀರಿ ಬಾಯಾರ! ಎಷ್ಟ ಶಾಂತ, ಎಷ್ಟ ಸಮಾಧಾನ! ಭೂಮಿ ಮ್ಯಾಲ ಇಂಥಾ ಶಾಂತಿ ಎಲ್ಲಿ ಸಿಗಬೇಕು?”

ಕುರ್ಚಿ

ಕ್ಯಾಪ್ಟನ್ನರ ಕುರ್ಚಿಯನ್ನು ಮಂಗಲ ಕಾರ್ಯಾಲಯವೊಂದರಿಂದ ತಂದಿದ್ದೆವು. ಮದುಮಗ ಕೂರುವ ಕುರ್ಚಿ. ಎರಡೂ ಕಡೆ ಸಿಂಹದ ಮುಖ. ಸಿಂಹಗಳಿಗೆ ಬೆಳ್ಳಿ ಬಣ್ಣ ಹೊಡೆಸಿದ ಮೇಲೆ ನೋಡುವಂತಾಗಿತ್ತು. ಅದನ್ನು ಕಂಡ ದಿನದಿಂದ ಸಾವುಕಾರರಿಗೆ ಅನ್ನ ಸೇರಲಿಲ್ಲ. ಮರುವಾರ ಅಂಗಡಿಯಿಂದ ತಮ್ಮ ತಿರುಗುವ ಕುರ್ಚಿಯನ್ನೇ ಹೊರಿಸಿಕೊಂಡು ಬಂದರು. ಅದು ಸಿಂಹದ ಕುರ್ಚಿಗಿಂತ ನಾಲ್ಕು ಬೆರಳು ಎತ್ತರವಿತ್ತು.

ಮ್ಯಾನೇಜರರೂ ಬಿಡುವವರಲ್ಲ. ಮುಂದಿನ ವಾರ ಸಿಂಹಗಳ ಕಾಲ ಕೆಳಗೆ ಇಟ್ಟಿಗೆ ಬಂದಿದ್ದವು. ಅದರ ಮುಂದಿನ ವಾರ ತಿರುಗುವ ಕುರ್ಚಿಯ ಕೆಳಗೆ ದ್ರಾಕ್ಷಿ ತುಂಬುವ ಟ್ರೇ ಬಂತು. ಆಮೇಲೆ ಟ್ರೇ ಮೇಲೆ ಟ್ರೇ, ಇಟ್ಟಿಗೆ ಮೇಲೆ ಇಟ್ಟಿಗೆ. ಒಂದು ದಿನ ಮ್ಯಾನೇಜರರು ಸ್ಟೂಲಿನ ಮೇಲೆ ಕಾಲಿಟ್ಟು ಕುರ್ಚಿ ಹತ್ತುತ್ತಿದ್ದರು. ಡೈರೆಕ್ಟರ್ ಕೈ ಮುಗಿದರು: “ಸಾಹೇಬ್ರ, ಕುತಿಗಿ ಮ್ಯಾಲಿಂದು ಕಾಣಾಕತ್ತಿಲ್ರಿ.”

“ನಿಮ್ಮ ಕ್ಯಾಮೆರಾ ಎತ್ರಿ ಮ್ಯಾಲ.”

“ಎತ್ತಿದ್ರ ಸಾವ್ಕಾರ್ರು ಕಾಣೂದಿಲ್ರಿ.”

“ಅದಂತೂ ಭಾಳ ಛಲೋ ಆತು.”

ಕೊನೆಗೊಂದು ದಿನ ಇಬ್ಬರ ತಲೆಯೂ ಮೇಲಿನ ಜಾಳಿಗೆಗೆ ತಾಗಿತು. ಮುಂದೆ ಏರಲು ಜಾಗವಿಲ್ಲದೆ ಆ ಸ್ಪರ್ಧೆ ತಾನಾಗಿ ನಿಂತಿತು. ನನಗೋ ಒಳಗೊಳಗೇ ಭಯ. ವಾರದಿಂದ ವಾರಕ್ಕೆ ಇವರು ಬಳ್ಳಿಯಂತೆ ಮೇಲೇರುವುದನ್ನು ಇಡೀ ಊರು ನೋಡುತ್ತಿದೆ, ಯಾರಾದರೂ ಕೇಳಿದರೆ ಏನು ಹೇಳಲಿ?

ಕೇಳಿದವರು ಬೇರೊಂದು ಶಾಲೆಯ ಗಣಿತ ಮಾಸ್ತರರು, ಬಸ್ ಸ್ಟ್ಯಾಂಡಿನಲ್ಲಿ. “ಬಾಯಾರ, ಭೂಮಿಯಿಂದ ದೂರ ಹೋದಂಗ ತೂಕ ಕಡಿಮಿ ಆಗಿ ಮಂದಿ ಸಾವಕಾಶ ಮ್ಯಾಲ ಏಳೂದನ್ನ ಏನ್ ನಾಜೂಕಲೆ ತೋರ್ಸೀರಿ! ಇದು ಎಲ್ಲಾರಿಗೂ ತಿಳಿಯೂದಿಲ್ರಿ, ನಮ್ಮಂಥಾವ್ರಿಗೆ ಅಷ್ಟ.”

“ಹೂಂ ಮತ್ತ, ವಿಜ್ಞಾನ ಅಂದಮ್ಯಾಲ ಅಷ್ಟಾದ್ರೂ ಬೇಕಲ್ರಿ” ಎಂದು ನಾನು ಸೆರಗು ಸರಿಮಾಡಿಕೊಂಡೆ.

ಸಾಯುವವರು ಯಾರು

ಕತೆಯ ನಡುವೆ ನೌಕೆ ಉಳಿಸಲು ಒಬ್ಬರು ಪ್ರಾಣ ಕೊಡಬೇಕಿತ್ತು. ಯಾರು ಎಂದು ನಾನು ಬರೆದಿರಲಿಲ್ಲ. ಕೇಳಿದರೆ ಯಾರೂ ತಯಾರಿಲ್ಲ.

“ನಮ್ಮ ಮ್ಯಾಲಿನ ಆಫೀಸಿನವ್ರು ನೋಡ್ತಾರ್ರಿ. ನಾ ಸತ್ರ ಛಲೋ ಕಾಣೂದಿಲ್ಲ” ಎಂದರು ಮ್ಯಾನೇಜರರು. ಸಾವುಕಾರರು, “ಸುಗ್ಗಿ ಮುಂದ ಐತಿ, ಅಪಶಕುನ ಬ್ಯಾಡ್ರಿ” ಎಂದರು.

ನಾನು ಸುಮ್ಮನೆ ಒಂದು ಮಾತು ಬಿಟ್ಟೆ. “ಆಗಲ್ರಿ. ಆದ್ರ ಸತ್ತವರಿಗಂತ ಒಂದ ಪೂರಾ ಕಂತು ಇಟ್ಟಿದ್ದೆ. ಫೋಟೋಕ್ಕ ಹಾರಾ, ಉಳಿದವರ ಅಳು, ಅವರ ಗುಣಗಾನ.”

ಸಾವುಕಾರರ ಕಿವಿ ನೆಟ್ಟಗಾಯಿತು. “ಗುಣಗಾನ ಯಾರ ಮಾಡೂದ್ರಿ?”

“ಮತ್ಯಾರು? ಕ್ಯಾಪ್ಟನ್.”

“ಅಂದ್ರ ಮ್ಯಾನೇಜರ್ ಸಾಹೇಬ್ರು ಟೀವಿ ಒಳಗ, ಎಲ್ಲಾರ ಮುಂದ, ನನ್ನ ಹೊಗಳಬೇಕು?”

“ಹೊಗಳಬೇಕು, ಅಳಬೇಕು.”

“ಹಂಗಾರ ಈಗಿಂದೀಗ ಸಾಯತೇನಿ, ಬರಕೋರಿ.”

ಮ್ಯಾನೇಜರರು ಜಿಗಿದೆದ್ದರು. “ಬ್ಯಾಡ! ಹಂಗಾರ ನಾನ ಸಾಯತೇನಿ!” ಆದರೆ ತಡವಾಗಿತ್ತು. ಸಾವುಕಾರರು ಭರ್ಜರಿಯಾಗಿ ಸತ್ತರು. ಎಂಜಿನ್ನಿನ ಕೋಣೆಯಲ್ಲಿ ಬೀಳುತ್ತ, ಏಳುತ್ತ, ಮತ್ತೆ ಬೀಳುತ್ತ, ಉಸಿರು ಹೋಗುವ ಮೊದಲು ಎಲ್ಲರಿಗೂ ಉಪದೇಶ ಮಾಡಿ ಸತ್ತರು. ಮ್ಯಾನೇಜರರು ಹಲ್ಲು ಕಚ್ಚಿ ಹೊಗಳಿದರು. “ಇಂಥಾ ದೊಡ್ಡ ಮನುಷ್ಯಾ ಇನ್ನೊಬ್ಬ ಹುಟ್ಟೂದಿಲ್ಲ” ಎನ್ನುವಾಗ ಅವರ ಕಣ್ಣಲ್ಲಿ ನೀರೇ ಬಂತು. ಅದು ಹೊಟ್ಟೆಕಿಚ್ಚಿನ ನೀರೆಂದು ನನಗೆ ಗೊತ್ತು. ನೋಡಿದವರು ಮಾತ್ರ ಇದಪ್ಪಾ ಅಭಿನಯ ಎಂದರು.

ಪ್ರಸಾರವಾದ ಒಂದು ಗಂಟೆಯಲ್ಲಿ ಸಾವುಕಾರರ ಅವ್ವನ ಫೋನು. ಮಗನ ಫೋಟೋಕ್ಕೆ ಹಾರ ಹಾಕಿದ್ದನ್ನು ಕಂಡು ತಿಕೋಟಾದ ಓಣಿಯ ಹಿರಿಯರು ಕೆಲವರು ಸಾವಿನ ಮನೆಗೆ ಹೋಗುವಂತೆ ಟವೆಲ್ ಹೊದ್ದು ಮನೆಗೆ ಬಂದು ಕೂತುಬಿಟ್ಟಿದ್ದರಂತೆ. ಬಾಗಿಲು ತೆಗೆದು ಚಹಾ ಕೊಟ್ಟದ್ದು ಸಾವುಕಾರರೇ.

“ಏನವಾ ಬಾಯಿ, ಜೀವಂತ ಇರೂ ನನ್ನ ಮಗಗ ಹಾರಾ ಹಾಕ್ತಿಯೇನ? ಬರೂ ರವಿವಾರ ಅಂವ ಎದ್ದು ಬರಬೇಕು. ಇಲ್ಲಂದ್ರ ಶೆಡ್ಡಿಗಿ ಕೀಲಿ ಬೀಳತೈತಿ ನೋಡ.”

ಕೀಲಿ ಬಿದ್ದರೆ ನೌಕೆಯೇ ಇಲ್ಲ, ರವಿವಾರವೂ ಇಲ್ಲ. ಮುಂದಿನ ಕಂತಿನಲ್ಲಿ ಎಂಜಿನಿಯರ್ ಎದ್ದು, ಮೈ ಕೊಡವಿಕೊಂಡು, ಕುರ್ಚಿ ಹತ್ತಿ ಕೂತರು. ಮರುದಿನ ಎಂಟನೆಯ ಇಯತ್ತೆಯ ಹುಡುಗಿಯೊಬ್ಬಳು ಕೈ ಎತ್ತಿದಳು. “ಬಾಯಾರ, ಸತ್ತವ್ರು ಹೆಂಗ ಎದ್ರರಿ?”

ವಿಜ್ಞಾನ ಕಲಿಸಲು ಹತ್ತಿದಾಗಿನಿಂದ ನಾನು ಯಾವ ಪ್ರಶ್ನೆಗೂ ಬೆನ್ನು ತೋರಿಸಿದವಳಲ್ಲ. ಅಂದು ಮಾತ್ರ, “ಅದು ಪರೀಕ್ಷಾಕ್ಕ ಬರೂದಿಲ್ಲ, ಕುಂದರು” ಎಂದೆ.

ಬರಗಾಲದ ದೃಶ್ಯ

ಗಂಡಸರದು ಕುರ್ಚಿಯ ಪಂಥವಾದರೆ ಹೆಂಗಸರದು ಬುತ್ತಿಯದು. ಡಾಕ್ಟರ್ ಪಾತ್ರ ಮಾಡಿದವರು ನಿಜಕ್ಕೂ ವಿಜಯಪುರದಲ್ಲಿ ಹಲ್ಲಿನ ಡಾಕ್ಟರು. ಪೈಲಟ್ ಆದವರು ಕಳ್ಳಕವಟಗಿಯಿಂದ ಬರುವ, ಸ್ವಂತ ದ್ರಾಕ್ಷಿ ತೋಟ ನೋಡಿಕೊಳ್ಳುವ ಅಕ್ಕ. ಅಕ್ಕ ಒಂದು ದಿನ ಎಣ್ಣೆಗಾಯಿ ತಂದರು. ಎಲ್ಲರೂ ಬೆರಳು ಚೀಪಿದರು. ಮುಂದಿನ ಸಲ ಡಾಕ್ಟರು ಎಣ್ಣೆಗಾಯಿಯ ಜೊತೆ ಶೇಂಗಾ ಹೋಳಿಗೆ ತಂದರು. ಅದರ ಮುಂದಿನ ಸಲ ಅಕ್ಕನ ಡಬ್ಬಿಯಲ್ಲಿ ಹೂರಣದ ಹೋಳಿಗೆ, ಕಟ್ಟಿನ ಸಾರು, ಎರಡು ನಮೂನೆ ಚಟ್ನಿ. ಒಂದು ಡಬ್ಬಿಯಿಂದ ಉಂಡು ಇನ್ನೊಂದನ್ನು ಮುಟ್ಟದೇ ಏಳುವ ಧೈರ್ಯ ಯಾರಿಗೂ ಇರಲಿಲ್ಲ.

ಇಂಥದೇ ಒಂದು ಮಧ್ಯಾಹ್ನ ಊಟವಾದ ಮೇಲೆ ತೆಗೆಯಬೇಕಾಗಿದ್ದು ನೌಕೆಯಲ್ಲಿ ಆಹಾರ ಮುಗಿದು ಎಲ್ಲರೂ ಹಸಿವಿನಿಂದ ಸಾಯುವ ಸ್ಥಿತಿಗೆ ಬಂದ ದೃಶ್ಯ. ಎಂಜಿನಿಯರ್ ಬೆಲ್ಟ್ ಸಡಿಲಿಸಿಕೊಂಡು ಕೂತಿದ್ದರು. ಕ್ಯಾಪ್ಟನ್ ಬಾಗಿ, ಸೋತ ದನಿಯಲ್ಲಿ, “ಅನ್ನದ ಮುಖಾ ಕಂಡು ಭಾಳ ದಿನ ಆತು...” ಎನ್ನುವಷ್ಟರಲ್ಲಿ ಅವರಿಗೆ ಇಡೀ ಶೆಡ್ಡು ಕೇಳುವಂಥ ತೇಗು ಬಂತು.

ಮತ್ತೊಮ್ಮೆ ತೆಗೆದೆವು. ಮತ್ತೂ ಬಂತು. ಹೊತ್ತು ಮುಳುಗುತ್ತಿತ್ತು. ಕೊನೆಗೆ ನಾನೇ ಪೆನ್ನು ಹಿಡಿದು ಡಾಕ್ಟರಿಗೆ ಒಂದು ಮಾತು ಬರೆದುಕೊಟ್ಟೆ. ಅವರು ಕ್ಯಾಪ್ಟನ್ನರ ನಾಡಿ ಹಿಡಿದು ಗಂಭೀರವಾಗಿ ಹೇಳಿದರು: “ಹಸಿವಿ ಕಡೀ ಹಂತಕ್ಕ ಬಂದಾಗ ಹಿಂಗ ತೇಗು ಬರತಾವು. ಇನ್ನ ನಮ್ಮ ಕೈಯಾಗ ಏನೂ ಇಲ್ಲ.”

ಬಸ್ಸು

ಧಾರಾವಾಹಿ ಜನಪ್ರಿಯವಾಯಿತು. ಆದರೆ ಜನರಿಗೆ ಮೆಚ್ಚುಗೆಯಾದದ್ದು ಕ್ಯಾಪ್ಟನ್ ಅಲ್ಲ, ಎಂಜಿನಿಯರ್ ಅಲ್ಲ, ಪೈಲಟ್ ಅಕ್ಕ. ನೌಕೆ ಅಲುಗಾಡಿದಾಗಲೆಲ್ಲ “ಏನಾಗೂದಿಲ್ಲ, ಗಟ್ಟಿ ಹಿಡ್ಕೋರಿ!” ಎಂದು ಆಕೆ ಕೂಗುವುದನ್ನು ಹುಡುಗರು ಸೈಕಲ್ ಮೇಲೆ ಕೂಗುತ್ತ ಹೋಗುತ್ತಿದ್ದರು. ಅಕ್ಕ ಬಸ್ ಹತ್ತಿದರೆ ಜನ ಎದ್ದು ಸೀಟು ಬಿಡುತ್ತಿದ್ದರು. ಕಂಡಕ್ಟರ್ ಒಮ್ಮೆ, “ಅಕ್ಕಾರ, ಇವತ್ತ ಗಾಡಿ ನೀವ ಹೊಡೀರಿ, ಲಗೂನ ಮುಟ್ತೇವಿ” ಎಂದರಂತೆ. ಅಕ್ಕ ಇದನ್ನೆಲ್ಲ ಬಂದು ಒಂದು ಅಕ್ಷರ ಬಿಡದೆ ಹೇಳುತ್ತಿದ್ದರು, ಅದೂ ಡಾಕ್ಟರ ಪಕ್ಕದಲ್ಲೇ ಕೂತು.

ಡಾಕ್ಟರ ಪಾಡೇ ಬೇರೆ. ಅವರ ದವಾಖಾನೆಯಲ್ಲಿ ಒಬ್ಬ ರೋಗಿ ಬಾಯಿ ತೆರೆದವರು ಮುಚ್ಚಿ, “ನಿಮ್ಮನ್ನ ಟೀವಿ ಒಳಗ ನೋಡೇನ್ರಿ” ಎಂದರು. ಡಾಕ್ಟರ ಮುಖ ಅರಳಿತು. “ಪೈಲಟ್ ಅಕ್ಕನ ಬಾಜೂಕ ನಿಂದರ್ತೀರಲ್ರಿ, ನೀವ ಹೌದಲ್ಲೊ?” ಎಂದು ರೋಗಿ ಮುಗಿಸಿದರು.

ಅವತ್ತಿನಿಂದ ಡಾಕ್ಟರು ಅಕ್ಕನ ಜೊತೆ ಮಾತು ಬಿಟ್ಟರು. ಅಕ್ಕನೂ ಬಿಟ್ಟರು. “ಸಾಹೇಬ್ರ, ಅವರಿಗೆ ಜರಾ ಸರೀರಿ ಅನ್ರಿ”, “ಸಾಹೇಬ್ರ, ಜಾಗಾ ಯಾರಪ್ಪಂದೂ ಅಲ್ಲ ಅನ್ರಿ” ಎಂದು ಮ್ಯಾನೇಜರರ ಮೂಲಕವೇ ವ್ಯವಹಾರ. ಬರೆದ ಸಂಭಾಷಣೆ ಮಾತ್ರ ನೇರ ಆಡುತ್ತಿದ್ದರು. ಕಡೆಗೆ ಸಂಭಾಷಣೆಯ ಒಳಗೇ ಜಗಳ ನುಗ್ಗಿತು. ಕ್ಯಾಮೆರಾ ಮುಂದೆ ಪೈಲಟ್ ನಾನು ಬರೆದಂತೆಯೇ ಕೇಳಿದರು: “ಡಾಕ್ಟರ್, ನನ್ನ ಮ್ಯಾಲ ನಿಮಗ ಯಾಕಿಷ್ಟ ಸಿಟ್ಟು?”

ಡಾಕ್ಟರು ತಮ್ಮದೇ ಮಾತು ಹಾಕಿದರು: “ಬಸ್ಸಿನಾಗ ಸೀಟ್ ಬಿಡವ್ರನ್ನ ಕೇಳ್ರಿ.”

“ಸೀಟ್ ಬಿಡಸ್ಕೊಳ್ಳಾಕ ಪುಣ್ಯಾ ಮಾಡಿರಬೇಕ್ರಿ.”

ಡೈರೆಕ್ಟರ್ ರೂಢಿಯಂತೆ ಕ್ಯಾಮೆರಾವನ್ನು ಬಲ್ಬಿನ ಕಡೆ ತಿರುಗಿಸಿದರು, ಆದರೆ ಆ ಸಲ ದನಿ ತೆಗೆಯಲು ಮರೆತರು. ರವಿವಾರ ನಮ್ಮ ಮನೆಯವರು ಚಹಾ ಕುಡಿಯುತ್ತ ನೋಡುತ್ತಿದ್ದರು. ಸೂರ್ಯಮಂಡಲ ದಾಟಿ ಎಷ್ಟೋ ದೂರ ಹೋದ ನೌಕೆಯಲ್ಲಿ ಈ ಮಾತು ಕೇಳಿ ಬಸಿ ಕೆಳಗಿಟ್ಟು ನನ್ನ ಮುಖ ನೋಡಿದರು.

“ಅಲ್ಲಿತನಕಾ ಬಸ್ ಬಿಟ್ಟಾರಂದ್ರ ನಮ್ಮ ಓಣಿಗೆ ಯಾಕ ಬಿಡವಲ್ರು?”

ಕಡೆಯ ಕಂತು

ದ್ರಾಕ್ಷಿ ಸುಗ್ಗಿ ಬಂದುಬಿಟ್ಟಿತು. ಕಡೆಯ ಶೂಟಿಂಗಿನ ಮರುದಿನ ಬೆಳಿಗ್ಗೆಯೇ ಶೆಡ್ಡಿನಲ್ಲಿ ಒಣಗಲು ದ್ರಾಕ್ಷಿ ಬೀಳುವುದಿತ್ತು. ಜಾಳಿಗೆ ತೊಳೆಯಲು ಬಂದ ಹೆಣ್ಣುಮಕ್ಕಳು ಹಸಿರು ಪರದೆಯ ಆಚೆ ಕಾಯುತ್ತ ನಿಂತಿದ್ದರು. ಸಂಜೆಯೊಳಗೆ ಕಡೆಯ ದೃಶ್ಯ ಮುಗಿಯಬೇಕು. ಚಾನೆಲ್ಲಿನ ಮುಖ್ಯಸ್ಥರು ಹೇಳಿದಂತೆಯೇ ಬಂದು ಟ್ರೇ ಮಗುಚಿ ಹಾಕಿ ಅದರ ಮೇಲೆ ಕೂತರು.

ದೃಶ್ಯ ಇದು. ನೌಕೆ ಹೊಸ ಗ್ರಹ ಮುಟ್ಟಿದೆ. ಡಾಕ್ಟರ್ ಮರಿನೌಕೆಯಲ್ಲಿ ಇಳಿದು ಅಲ್ಲಿಯೇ ಉಳಿಯುತ್ತಾಳೆ, ಉಳಿದವರು ಭೂಮಿಗೆ ಮರಳುತ್ತಾರೆ. ಮತ್ತೆ ಭೇಟಿಯಿಲ್ಲ. ದಾರಿಯುದ್ದಕ್ಕೂ ಅವಳ ಮೇಲೆ ಕರುಬಿದ ಪೈಲಟ್ ಹಿಂದಿರುಗಿ ನೋಡದೆ “ಹೋಗ್ರಿ” ಎನ್ನಬೇಕು, ಅಷ್ಟೇ. ನೌಕೆ ಕೆಳಗಿಳಿಯದೆ ಗ್ರಹದ ಸುತ್ತ ಸುತ್ತುತ್ತಿದೆ, ಆದ್ದರಿಂದ ಒಳಗೆ ಯಾವುದಕ್ಕೂ ತೂಕವಿಲ್ಲ. ಇದನ್ನು ನಾನು ಎಲ್ಲರಿಗೂ ಪಾಠ ಮಾಡಿದಂತೆ ಹೇಳಿದ್ದೆ. ತೇಲುವಂತೆ ಕಾಣಲೆಂದು ಒಂದು ಪೆನ್ನನ್ನು ದಾರ ಕಟ್ಟಿ ಇಳಿಬಿಟ್ಟಿದ್ದೆವು. ಎಲ್ಲರೂ ನೀರಿನಲ್ಲಿ ನಡೆದಂತೆ ಸಾವಕಾಶ ನಡೆಯಬೇಕಿತ್ತು.

ಮೊದಲ ಸಲ ಡಾಕ್ಟರು ಬಾಗಿಲಿಗೆ ಹೋದರು. ಅಕ್ಕ “ಹೋಗ್ರಿ” ಎಂದರು. ಬಸ್ಸಿಗೆ ಹಾದಿ ಕೊಟ್ಟಂತಿತ್ತು.

ಮುಖ್ಯಸ್ಥರು ಆಕಳಿಸಿದರು. “ಬಾಯಾರ, ನಗೂದಿರಲಿ, ನನಗ ನಿದ್ದಿ ಬರಾಕತ್ತೇತ್ರಿ.”

ನಾನು ಎರಡನೆಯ ಸಲ ತೆಗೆಯಲು ಹೇಳಿದೆ. ಡಾಕ್ಟರು ತೇಲುತ್ತ ಬಾಗಿಲಿಗೆ ಹೋಗಿ ನಿಂತರು. ಅಕ್ಕ ಬೆನ್ನು ತಿರುಗಿಸಿ ನಿಂತಿದ್ದರು. ಮಾತು ಬರಲಿಲ್ಲ. ಮರೆತರು, ಎಲ್ಲಾ ಮುಗಿಯಿತು ಎಂದುಕೊಂಡೆ. ಡಾಕ್ಟರು ಹೊಸ್ತಿಲ ಆಚೆ ಕಾಲಿಡುವಷ್ಟರಲ್ಲಿ ಅಕ್ಕ ಗಕ್ಕನೆ ತಿರುಗಿದರು.

“ನಿಂದ್ರ ಬೇ.”

ಕತೆಯಲ್ಲಿ ಈ ಮಾತೇ ಇರಲಿಲ್ಲ. ಅಕ್ಕ ನೌಕೆ ನಡೆಸುವ ಗುಂಡಿಗಳ ಹಲಗೆಯ ಹಿಂದಿನಿಂದ ಒಂದು ಅರಿವೆಯ ಚೀಲ ಎಳೆದರು. ಅದರಲ್ಲಿ ತೆಂಗಿನಕಾಯಿ, ಕುಪ್ಪಸದ ಬಟ್ಟೆಯ ಕಣ, ಎಲೆ ಅಡಿಕೆ, ಅರಿಷಿಣದ ಬೇರು, ಕುಂಕುಮ, ಅಕ್ಕಿ. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದರು.

“ಹೆಣ್ಣಮಗಳು ಮನಿ ಬಿಟ್ಟು ಇಷ್ಟ ದೂರ ಹೊಂಟಾಳ. ಉಡಿ ತುಂಬದ ಹೆಂಗ ಕಳಸೂದು? ಉಡಿ ಒಡ್ಡ.”

ಡಾಕ್ಟರು ಸೆರಗಿಗೆ ಕೈ ಹಾಕಿದರು. ಸೆರಗೆಲ್ಲಿದೆ? ಮೈತುಂಬ ಬೆಳ್ಳಿ ಬಣ್ಣದ ರೆಕ್ಸಿನ್ ಉಡುಪು. ಒಂದು ಗಳಿಗೆ ಅತ್ತಿತ್ತ ನೋಡಿದರು. ಆಮೇಲೆ ತಲೆಯ ಮೇಲಿನ ಹೆಲ್ಮೆಟ್ ತೆಗೆದು, ಅಂಗಾತ ತಿರುಗಿಸಿ, ಎರಡೂ ಕೈಯಲ್ಲಿ ಮುಂದೆ ಹಿಡಿದರು.

ಅಕ್ಕ ಹಣೆಗೆ ಕುಂಕುಮ ಹಚ್ಚಿ ಹೆಲ್ಮೆಟ್ಟಿನಲ್ಲಿ ಕಣ ಹಾಸಿದರು, ಕಾಯಿ ಇಟ್ಟರು, ಬೊಗಸೆ ಬೊಗಸೆ ಅಕ್ಕಿ ಸುರಿದರು. ಡಾಕ್ಟರ ಕಣ್ಣಿಂದ ನೀರು ಇಳಿಯಿತು.

“ನನಗ ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚಿತ್ತು ನೋಡ ಯವ್ವಾ.”

“ನನಗೇನ ಕಡಿಮಿ ಇತ್ತು? ನೀ ಮಂದಿ ಮುಂದ ಪಟಪಟ ಇಂಗ್ಲಿಷ್ ಮಾತಾಡಿದಾಗೆಲ್ಲಾ ನನ್ನ ಹೊಟ್ಟಿ ಭಗ್ ಅಂತಿತ್ತು. ಸುಮ್ನಿರ, ಅಳಬ್ಯಾಡ, ದೂರದ ಹಾದಿ ಐತಿ.”

ನಮ್ಮ ಡೈರೆಕ್ಟರ್ ತಮ್ಮ ಜೀವಮಾನದಲ್ಲಿ ಸಾವಿರಾರು ಉಡಿ ತುಂಬುವುದನ್ನು ಚಿತ್ರಿಸಿದವರು. ಅಷ್ಟು ದಿನ ಗಗನನೌಕೆಯಲ್ಲಿ ತಡವರಿಸಿದ ಮನುಷ್ಯ ಅಂದು ತವರಿಗೆ ಬಂದಂತೆ ಕುಣಿದಾಡಿ ಚಿತ್ರ ತೆಗೆದರು. ಅಕ್ಕಿ ಬೀಳುವುದು, ಕೈಬಳೆ, ಕಣ್ಣೀರು, ಯಾವುದೂ ಬಿಡಲಿಲ್ಲ. ಪರದೆಯ ಆಚೆ ನಿಂತಿದ್ದ ಹೆಣ್ಣುಮಕ್ಕಳು ಯಾರೂ ಕರೆಯದೆಯೇ ನೌಕೆಯೊಳಗೆ ಬಂದು ಸೋಬಾನೆ ಎತ್ತಿಕೊಂಡರು. ಕಾಯಿಯ ಭಾರಕ್ಕೆ ಹೆಲ್ಮೆಟ್ ಕೆಳಗೆ ಜಗ್ಗಿತು. “ಹಿರಿಯಾ ನಾನು, ನಾ ಹಿಡೀತೇನಿ” ಎಂದು ಕ್ಯಾಪ್ಟನ್ ಮುಂದೆ ಬಂದರು. “ಮನಿ ಯಜಮಾನ ನಾನು” ಎಂದು ಎಂಜಿನಿಯರ್ ಬಂದರು. ಕೊನೆಗೆ ಹೆಲ್ಮೆಟ್ಟಿನ ಒಂದು ಕಡೆ ಅವರು, ಒಂದು ಕಡೆ ಇವರು.

ನಾನು ವಿಜ್ಞಾನದ ಬಾಯಿ. ಪೆನ್ನು ಗಾಳಿಯಲ್ಲಿ ತೇಲುತ್ತಿದೆ, ಅದರ ಪಕ್ಕದಲ್ಲೇ ಅಕ್ಕಿ ಮಾತ್ರ ಸರಸರನೆ ಕೆಳಗೆ ಬೀಳುತ್ತಿದೆ! “ಕಟ್” ಎನ್ನಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಬೀಳಲಿ ಬಿಡು ಎಂದುಕೊಂಡೆ. ನಾನು ಬರೆದ ಕತೆಯನ್ನು ಅಕ್ಕ ನನಗಿಂತ ಹೆಚ್ಚು ನಂಬಿದ್ದರು. ಅಂದಿನಷ್ಟು ಹೆಮ್ಮೆ ನನಗೆ ಬಿ.ಎಡ್. ಪಾಸಾದ ದಿನವೂ ಆಗಿರಲಿಲ್ಲ.

ಮುಖ್ಯಸ್ಥರ ಕಡೆ ನೋಡಿದೆ. ಅವರು ಕರ್ಚೀಫಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಯಾರೂ ನಕ್ಕಿರಲಿಲ್ಲ.

“ಬಾಯಾರ,” ಎಂದರು, ದನಿ ಸರಿಮಾಡಿಕೊಂಡು, “ನಿಮ್ಮ ಮಾತ ಗೆದ್ದೈತ್ರಿ. ಮುಂದಿನ ವರ್ಷದ ಕತಿ ಬರೀರಿ. ಅಡಿಗಿಯವ್ರಿಗೆ ನಾ ಬ್ಯಾರೆ ಹೊತ್ತು ನೋಡ್ತೇನಿ.”

ಕಡೆಯ ಕಂತು ಪ್ರಸಾರವಾದ ರವಿವಾರ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು. ತೂಕವಿಲ್ಲದ ನೌಕೆಯಲ್ಲಿ ಅಕ್ಕಿ ಹೇಗೆ ಬಿತ್ತು ಎಂದು ಕೇಳುತ್ತಾರೆಂದು ಉತ್ತರ ಸಿದ್ಧ ಮಾಡಿ ಇಟ್ಟುಕೊಂಡಿದ್ದೆ. ಒಬ್ಬರೂ ಕೇಳಲಿಲ್ಲ. ಇಟ್ಟಂಗಿಹಾಳದ ಹಿರಿಯ ತಾಯಿಯೊಬ್ಬರು ಮಾತ್ರ, “ಎಲ್ಲಾ ಛಲೋ ಮಾಡೀರಿ, ಒಂದ ದೊಡ್ಡ ತಪ್ಪ ಆಗೇತಿ ನೋಡ್ರಿ” ಎಂದರು.

ಸಿದ್ಧ ಮಾಡಿಟ್ಟ ಉತ್ತರ ತೆಗೆದೆ. “ಗೊತ್ತೈತ್ರಿ ಯವ್ವಾ, ಆ ಅಕ್ಕಿ...”

“ಅಕ್ಕೀಗೇನಾಗೇತಿ? ಅಷ್ಟ ದೂರ ಹೋಗಾಕಿಗೆ ನಾಕ ರೊಟ್ಟಿ ಕಟ್ಟಿ ಕೊಡಬಾರದ?”

ಇರಲಿ, ಇಬ್ಬರು ಹೆಣ್ಣುಮಕ್ಕಳ ಮತ್ಸರವನ್ನಾದರೂ ನನ್ನ ಕತೆ ಕರಗಿಸಿತಲ್ಲ ಎಂದು ಸ್ಟಾಫ್ ರೂಮಿನಲ್ಲಿ, ಓಣಿಯಲ್ಲಿ, ಬೀಗರ ಮನೆಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ಮೆರೆದೆ. ವಾರ ಕಳೆದಿರಲಿಲ್ಲ, ದವಾಖಾನೆ ಮುಚ್ಚಿಕೊಂಡು ಡಾಕ್ಟರು ನಮ್ಮ ಮನೆಗೆ ಬಂದರು. ಚಹಾ ಕುಡಿದರು. ಸುತ್ತ ನೋಡಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು.

“ಬಾಯಾರ, ಮುಂದಿನ ವರ್ಷದ ಕತಿ ಬರಿಯಾಕ ಹತ್ತೀರೇನ್ರಿ?”

“ಇನ್ನೂ ಇಲ್ರಿ. ಯಾಕ?”

“ಮೊದಲ ನನ್ನ ಆ ಗ್ರಹದಿಂದ ವಾಪಸ್ ಕರಸ್ರಿ. ಆಮ್ಯಾಲ ಆಕೀನ್ನ ಯಾವುದಾರ ಒಂದ ಗ್ರಹಕ್ಕ ಕಳಸ್ರಿ.”

“ಅಯ್ಯ, ಮತ್ತ ಸಿಟ್ಟಿಗೆದ್ದೀರೇನ್ರಿ?”

“ಸಿಟ್ಟೆಲ್ಲೀದ್ರಿ? ಜೀವಕ್ಕ ಜೀವಾ ಆಗೇವಿ.” ಡಾಕ್ಟರು ದನಿ ಇನ್ನಷ್ಟು ತಗ್ಗಿಸಿದರು. “ಆದ್ರ ಆಕಿ ನನ್ನ ಉಡಿಯಾಗ ಬರೇ ಕುಪ್ಪಸದ ಕಣ ಹಾಕ್ಯಾಳಲ್ರಿ? ನಾ ಆಕಿ ಉಡಿಯಾಗ ಇಳಕಲ್ ಸೀರಿನ ಹಾಕ್ತೇನಿ. ಇಡೀ ಜಿಲ್ಲಾ ನೋಡಬೇಕು!”